ಆರ್ಗನ್‌ಗೆ ಹೊರಗಿನ ಸ್ಪೀಕರ್: ಪೆಡಲ್ ದನಿ ಮತ್ತೆ ಸಿಕ್ಕಿದ್ದು ಹೀಗೆ

ಸೇಂಟ್ ಫಿಲೋಮಿನಾ ಚರ್ಚ್‌ನ ಗೋಪುರ ಕಾಣುವ ಬೀದಿಯಲ್ಲಿ ನಮ್ಮ ಮನೆ. ಅಲ್ಲಿಗೆ ಈ ಎಲೆಕ್ಟ್ರಾನಿಕ್ ಆರ್ಗನ್ ಬಂದಾಗಲೇ ಅದಕ್ಕೆ ಮೂವತ್ತು ವರ್ಷ ದಾಟಿತ್ತು. ಎರಡು ಕೀಬೋರ್ಡ್, ಕೆಳಗೆ ಕಾಲಲ್ಲಿ ಒತ್ತುವ 13 ಪೆಡಲ್. ಜಪಾನಿನ ಮನೆಗಳಿಗೆ ಅಂತ ಮಾಡಿದ್ದು. ಅದಕ್ಕೆ 100 ವೋಲ್ಟ್ ಸಾಕು, ನಮ್ಮ ಸಾಕೆಟ್‌ನಲ್ಲಿ ಬರುವುದು 230. ಹಾಗಾಗಿ ಒಂದು ಸ್ಟೆಪ್‌ಡೌನ್ ಟ್ರಾನ್ಸ್‌ಫಾರ್ಮರ್ ಕೂಡ ಜೊತೆಗೇ ಬಂತು.

ಪೆಡಲ್‌ಗಾಗಿಯೇ ನಾನು ಅದನ್ನು ತಗೊಂಡಿದ್ದು. ಬರೀ ಕೀಬೋರ್ಡ್ ಎಲ್ಲಿ ಬೇಕಾದರೂ ಸಿಗುತ್ತದೆ. ಎರಡೂ ಕೈ ಮೇಲೆ ಓಡಾಡುತ್ತಿರುವಾಗ ಎಡಗಾಲು ಬೇಸ್ ಹಿಡಿದು ನಿಲ್ಲುತ್ತದಲ್ಲ, ಆ ಖುಷಿಯೇ ಬೇರೆ. ಆದರೆ ಪೆಡಲ್ ಒತ್ತಿದಾಗೆಲ್ಲ ಪರಪರ ಸದ್ದು. ಮುಂದಿನ ಬಟ್ಟೆ ತೆಗೆದು ಟಾರ್ಚ್ ಹಿಡಿದು ನೋಡಿದೆ. ಸ್ಪೀಕರ್ ಕೋನಿನ ಅಂಚಿನ ಫೋಮ್ ರಿಂಗ್ ಬೆರಳು ತಾಗಿಸುತ್ತಿದ್ದಂತೆ ಕಪ್ಪು ಪುಡಿಯಾಗಿ ಉದುರಿತು. ವಯಸ್ಸಾದ ಫೋಮ್ ಹಾಗೇ ಆಗುತ್ತದೆ. ಜಯಚಾಮರಾಜ ಒಡೆಯರ್ ಪಿಯಾನೋ ನುಡಿಸುತ್ತಿದ್ದ ಊರು ನಮ್ಮದು. ಆದರೂ ಆರ್ಗನ್ ರಿಪೇರಿ ಮಾಡುವವರು ನನಗೆ ಸಿಗಲಿಲ್ಲ. ಹೊರಗಡೆ ಸ್ಪೀಕರ್ ಹಾಕೋಣ ಅಂತ ತೀರ್ಮಾನಿಸಿದೆ.

ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ಒಳಗಿನ ಸ್ಪೀಕರ್ ವೈರಿಗೆ ಇನ್ನೊಂದು ಸ್ಪೀಕರ್ ಸೇರಿಸಲು ಹೋಗಬೇಡಿ. ಒಳಗಿನ ಆಂಪ್ಲಿಫೈಯರ್ ಮೇಲೆ ಭಾರ ಜಾಸ್ತಿಯಾಗಿ ಅದೇ ಸುಟ್ಟುಹೋಗಬಹುದು. ಕೀಬೋರ್ಡಿನ ಕೆಳಗೆ ದೊಡ್ಡ ಪಿನ್ ಹಾಕುವ ಹೆಡ್‌ಫೋನ್ ಜ್ಯಾಕ್ ಇರುತ್ತದೆ. ನಾನು ಅದನ್ನೇ ಬಳಸಿದೆ. ಪಿನ್ ಪೂರ್ತಿ ಒಳಗೆ ಹೋದರೆ ಒಳಗಿನ ಸ್ಪೀಕರ್ ತಾನಾಗಿಯೇ ಸುಮ್ಮನಾಗುತ್ತದೆ. ನಮ್ಮ ಪರಪರ ಸದ್ದೂ ಹೋಯಿತು.

ಮೊದಲು ಮನೆಯಲ್ಲಿದ್ದ ಬ್ಲೂಟೂತ್ ಸ್ಪೀಕರ್ ಹಾಕಿ ನೋಡಿದೆ. ಕೀ ಒತ್ತಿ ಒಂದು ಗಳಿಗೆ ಆದಮೇಲೆ ಸದ್ದು ಬರುತ್ತಿತ್ತು. ಹಾಡು ಕೇಳಲು ಪರವಾಗಿಲ್ಲ, ನುಡಿಸಲು ಆಗುವುದೇ ಇಲ್ಲ. ವೈರೇ ಬೇಕು.

ಚರ್ಚ್‌ನಲ್ಲಿ ಜೊತೆಗೆ ಹಾಡುವ ಗೆಳೆಯರೊಬ್ಬರು 10 ಇಂಚಿನ ಪವರ್ಡ್ ಸ್ಪೀಕರ್ ಒಂದನ್ನು ಕೊಟ್ಟರು. ಪವರ್ಡ್ ಅಂದರೆ ಆಂಪ್ಲಿಫೈಯರ್ ಅದರೊಳಗೇ ಇರುತ್ತದೆ. ಎರಡೂ ಕಡೆ ಒಂದೇ ಥರ ದೊಡ್ಡ ಪಿನ್ ಇರುವ ಕೇಬಲ್ ತಂದು ಜೋಡಿಸಿದೆ. ಸದ್ದೇನೋ ಬಂತು. ಆದರೆ ಬಾವಿಯೊಳಗಿಂದ ಯಾರೋ ನುಡಿಸಿದ ಹಾಗೆ. ಮೇಲಿನ ದನಿ ತೆಳ್ಳಗೆ, ಸುತ್ತ ಬರೀ ಪ್ರತಿಧ್ವನಿ. ಪೆಡಲ್ ಒತ್ತಿದರೆ ಏನೂ ಇಲ್ಲ! ಯಾವುದಕ್ಕಾಗಿ ಇಷ್ಟೆಲ್ಲ ಮಾಡಿದೆನೋ ಅದೇ ಮಾಯ. ಸ್ಪೀಕರ್ ಕೆಟ್ಟಿದೆ ಅಂದುಕೊಂಡು ಎರಡು ದಿನ ಬೇಜಾರಲ್ಲಿದ್ದೆ.

ಮೂರನೇ ದಿನ ಬಿಚ್ಚಿಡೋಣ ಅಂತ ಆರ್ಗನ್ ಕಡೆಯ ಪಿನ್ ಮೆಲ್ಲಗೆ ಎಳೆದೆ. ಕಾಲು ಪೆಡಲ್ ಮೇಲೇ ಇತ್ತು. ಪಿನ್ ಅರ್ಧ ಹೊರಗೆ ಬಂದಾಗ ಧುಮ್ ಅಂತ ಬೇಸ್ ಬಂತು. ಪೂರ್ತಿ ಒಳಗೆ ತಳ್ಳಿದರೆ ಹೋಯಿತು. ಮತ್ತೆ ಅರ್ಧ ಎಳೆದೆ, ಮತ್ತೆ ಬಂತು. ಅಲ್ಲಿಗೆ ಸ್ಪೀಕರ್ ಚೆನ್ನಾಗಿದೆ, ತಪ್ಪು ಕೇಬಲ್‌ನದು ಅಂತ ಗೊತ್ತಾಯಿತು.

ಆ ಪಿನ್ ನೋಡಿ, ಎರಡು ಕಪ್ಪು ಗೆರೆ ಇದ್ದರೆ ಮೂರು ಭಾಗ. ಹೆಡ್‌ಫೋನ್ ಜ್ಯಾಕ್‌ನಲ್ಲಿ ತುದಿಯಿಂದ ಎಡದ ಸದ್ದು, ನಡುವಿನ ಉಂಗುರದಿಂದ ಬಲದ ಸದ್ದು ಬರುತ್ತದೆ. ಆದರೆ ಇಂಥ ಸ್ಪೀಕರಿನ ಬ್ಯಾಲೆನ್ಸ್‌ಡ್ ಇನ್‌ಪುಟ್ ತುದಿಯ ಸದ್ದಿನಿಂದ ಉಂಗುರದ ಸದ್ದನ್ನು ಕಳೆಯುತ್ತದೆ. ಉದ್ದದ ಕೇಬಲ್‌ನಲ್ಲಿ ಸೇರಿಕೊಳ್ಳುವ ಗಲಾಟೆ ತೆಗೆಯಲು ಮಾಡಿದ ಏರ್ಪಾಡು ಅದು. ಪೆಡಲ್ ದನಿ ಎಡಕ್ಕೂ ಬಲಕ್ಕೂ ಸಮ. ಸಮದಿಂದ ಸಮ ಕಳೆದರೆ ಸೊನ್ನೆ ಅಲ್ವಾ? ಎರಡೂ ಕಡೆ ಬೇರೆ ಬೇರೆ ಇರುವ ಪ್ರತಿಧ್ವನಿ ಮಾತ್ರ ಉಳಿದಿತ್ತು.

ಇದಕ್ಕೆ ಬೇಕಾಗಿದ್ದು ವೈ ಕೇಬಲ್. ಒಂದು ಕಡೆ ಎರಡು ಗೆರೆಯ ಸ್ಟೀರಿಯೋ ಪಿನ್, ಇನ್ನೊಂದು ಕಡೆ ಒಂದೇ ಗೆರೆಯ ಎರಡು ಮೋನೋ ಪಿನ್. ಅದೇ ಥರದ ಇನ್ನೊಂದು ಸ್ಪೀಕರ್ ಕೊಂಡು, ಎಡ ಒಂದಕ್ಕೆ, ಬಲ ಇನ್ನೊಂದಕ್ಕೆ ಕೊಟ್ಟೆ. ಪೆಡಲ್ ತುಂಬಿ ಬಂತು.

ಜೊತೆಗೆ ಗುಂಯ್ ಅನ್ನುವ ಹಮ್ ಕೂಡ ಬಂತು. ಯಾವ ಸ್ವರ ಅಂತ ಪೆಡಲ್‌ನಲ್ಲಿ ಹುಡುಕಿದೆ. ಜಿ ಸ್ವರಕ್ಕಿಂತ ಚೂರು ಮೇಲೆ, ಅದರ ಮುಂದಿನ ಜಿ ಶಾರ್ಪ್‌ಗಿಂತ ಕೆಳಗೆ. ಕೆಳಗಿನ ಜಿ 49 ಹರ್ಟ್ಜ್, ಅಂದರೆ ಸೆಕೆಂಡಿಗೆ 49 ಕಂಪನ, ನಮ್ಮ ಕರೆಂಟು 50. ಸರಿಹೋಯಿತು, ಇದು ಮನೆಯ ಕರೆಂಟಿನದೇ ದನಿ. ಎರಡು ಸ್ಪೀಕರನ್ನು ಎರಡು ಗೋಡೆಯ ಸಾಕೆಟ್‌ಗೆ ಹಾಕಿದ್ದೆ. ಎರಡರ ಅರ್ತ್ ಗೋಡೆಯೊಳಗೂ ಸೇರಿ, ವೈ ಕೇಬಲ್‌ನಲ್ಲೂ ಸೇರಿ ಒಂದು ಸುತ್ತು ಆಗಿ, ಅದರಿಂದ ಹಮ್ ಬರುತ್ತಿತ್ತು. ಎರಡನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕಿದೆ. ಮುಕ್ಕಾಲು ಪಾಲು ಹೋಯಿತು. ಉಳಿದದ್ದು ಕೇಬಲ್ ಟ್ರಾನ್ಸ್‌ಫಾರ್ಮರ್‌ಗೆ ಒರಗಿ ಹೋಗಿದ್ದರಿಂದ. ಅದನ್ನು ಮೂರು ಅಡಿ ದೂರ ಸರಿಸಿದೆ, ನಿಂತಿತು. ಅರ್ತ್ ಪಿನ್ ಕಿತ್ತುಹಾಕಿ, ಹಮ್ ಹೋಗುತ್ತೆ ಅಂತ ಯಾರಾದರೂ ಹೇಳಿದರೆ ದಯವಿಟ್ಟು ಕೇಳಬೇಡಿ. ಜೀವಕ್ಕೆ ಅಪಾಯ.

ಈಗ ಆರ್ಗನ್ ವಾಲ್ಯೂಮ್ ಮುಕ್ಕಾಲಿಗೆ ಇಟ್ಟು, ಸ್ಪೀಕರಿನದನ್ನು ಸೊನ್ನೆಯಿಂದ ಏರಿಸುತ್ತೇನೆ. ಆನ್ ಮಾಡುವಾಗ ಸ್ಪೀಕರ್ ಕೊನೆಗೆ, ಆಫ್ ಮಾಡುವಾಗ ಮೊದಲು. ಕರೆಂಟ್ ಹೋದರೆ ತಕ್ಷಣ ಸ್ಪೀಕರ್ ಸ್ವಿಚ್ ಆರಿಸುತ್ತೇನೆ. ಇಲ್ಲದಿದ್ದರೆ ವಾಪಸ್ ಬಂದಾಗ ಜೋರಾಗಿ ಧಡ್ ಅನ್ನುತ್ತದೆ.

16 ಅಡಿ ಸ್ಟಾಪ್, ಅಂದರೆ ಒಂದು ಸ್ಥಾಯಿ ಕೆಳಗಿನ ದನಿ ಕೊಡುವ ಸ್ವಿಚ್, ಹಾಕಿದಾಗ ತೀರಾ ಕೆಳಗಿನ ಸಿ ಸುಮಾರು 33 ಹರ್ಟ್ಜ್. 10 ಇಂಚಿನ ಸ್ಪೀಕರ್‌ಗೆ ಅದು ಪೂರ್ತಿ ಎಟುಕುವುದಿಲ್ಲ. ಎರಡನ್ನೂ ಹಾಲ್‌ನ ಮೂಲೆಗಳಿಗೆ ಸರಿಸಿದ ಮೇಲೆ ಸ್ವಲ್ಪ ತುಂಬಿಕೊಂಡಿತು. ಎ ಸ್ವರದ ಪೆಡಲ್ ಒತ್ತಿದರೆ ಮಾತ್ರ ಷೋಕೇಸ್ ಗಾಜು ನಡುಗುತ್ತಿತ್ತು. ಅಮ್ಮ ಹಳೇ ಉಣ್ಣೆ ಸ್ವೆಟರಿನ ತುಂಡು ಕತ್ತರಿಸಿ ಗಾಜಿನ ಸಂದಿಗೆ ಸಿಕ್ಕಿಸಿದರು. ನಿನ್ನೆ ಸಂಜೆ ಪೂರ್ತಿ ಒಂದು ಗಂಟೆ ನುಡಿಸಿದೆ.