ಅಂಡಮಾನ್ ಪನ್ನಗಾರಿ ಗುರುತಿಸಲು ನನಗೆ ಮೂರು ದಿನ ಬೇಕಾಯ್ತು

ಮಲೆನಾಡಿನಲ್ಲಿ ಪನ್ನಗಾರಿ (ಹಾವು ತಿನ್ನುವ ಹದ್ದು, ಸರ್ಪೆಂಟ್ ಈಗಲ್) ನೋಡಿ ನೋಡಿ ಅಭ್ಯಾಸವಾಗಿತ್ತು. ಅಂಡಮಾನಿನದೂ ಸುಲಭ ಅಂದುಕೊಂಡೇ ಜನವರಿಯಲ್ಲಿ ಪೋರ್ಟ್ ಬ್ಲೇರ್‌ಗೆ ಹೋದೆ. ಅಲ್ಲಿ ಎರಡು ಜಾತಿ ಇವೆ. ಒಂದು ನಮ್ಮ ಜುಟ್ಟಿನ ಪನ್ನಗಾರಿಯೇ, ಅದರ ದ್ವೀಪದ ತಳಿ. ಇನ್ನೊಂದು ಅಂಡಮಾನ್ ಪನ್ನಗಾರಿ, ಆ ದ್ವೀಪಗಳು ಬಿಟ್ಟರೆ ಪ್ರಪಂಚದಲ್ಲಿ ಬೇರೆಲ್ಲೂ ಇಲ್ಲ. ನನಗೆ ಬೇಕಿದ್ದದ್ದು ಅದು.

ಮೊದಲ ದಿನವೇ ಎಡವಿದೆ. ಚಿಡಿಯಾ ಟಾಪು ಕಡೆ ಹೋಗುವಾಗ ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ಅಂಚಲ್ಲಿ ಒಣಗಿದ ಮರದ ಮೇಲೆ ಒಂದು ಕೂತಿತ್ತು, ಅದರ ಹಿಂದಿನಿಂದ ಬಿಸಿಲು, ಮೈಯೆಲ್ಲ ಕಪ್ಪಗೆ ಕಂಡಿತು, ಹಳದಿ ಮುಖ, ಎದೆ ಮೇಲೆ ಬಿಳಿ ಚುಕ್ಕೆ, ಸಿಕ್ಕೇ ಬಿಡ್ತು ಅಂತ ನೋಟ್‌ಬುಕ್‌ನಲ್ಲಿ ಬರೆದುಕೊಂಡೆ. ರಾತ್ರಿ ಫೋಟೋ ಬೆಳಕು ಹೆಚ್ಚಿಸಿ ನೋಡಿದರೆ ಹೊಟ್ಟೆ ತಿಳಿ ಕಂದು! ಹಳದಿ ಮುಖ, ಬಿಳಿ ಚುಕ್ಕೆ ಎರಡಕ್ಕೂ ಇರುತ್ತವೆ. ನೋಡಬೇಕಾದದ್ದು ಹೊಟ್ಟೆಯ ಬಣ್ಣ. ಅಂಡಮಾನಿನದ್ದು ಬೆನ್ನು ಎಷ್ಟು ಗಾಢವೋ ಹೊಟ್ಟೆಯೂ ಅಷ್ಟೇ ಗಾಢ.

ಜಾಗವೂ ಮುಖ್ಯ. ಜುಟ್ಟಿನದು ಹೆಚ್ಚಾಗಿ ಕಡಲಂಚು, ಕಾಂಡ್ಲಾ ಕಡೆ. ಅಂಡಮಾನಿನದು ಒಳಕಾಡಿನ ಹಕ್ಕಿ. ಎರಡನೇ ದಿನ ಒಳಗೆ ಸುಮ್ನೆ ಅಲೆದಾಡಿದೆ, ಆಕಾಶವೇ ಕಾಣದಷ್ಟು ದಟ್ಟ ಕಾಡು, ಏನೂ ಸಿಗಲಿಲ್ಲ. ಮೂರನೇ ದಿನ ಅಲೆಯೋದು ಬಿಟ್ಟು, ಕಾಡಿನ ನಡುವೆ ಸ್ವಲ್ಪ ಬಯಲಿದ್ದ ಕಡೆ ಬೆಳಿಗ್ಗೆಯೇ ಹೋಗಿ ಕೂತೆ.

ಒಂಬತ್ತರ ಹೊತ್ತಿಗೆ ಬಂತು. ಬಿಸಿಲು ನನ್ನ ಬೆನ್ನಿಗಿತ್ತು, ಹಾಗಾಗಿ ಈ ಸಲ ಅನುಮಾನವೇ ಇಲ್ಲ: ಕಾಫಿ ಪುಡಿಯಂಥ ಕಡು ಕಂದು, ಹೊಟ್ಟೆ ಮೇಲೆ ಸಣ್ಣ ಬಿಳಿ ಚುಕ್ಕೆಗಳು. ಕತ್ತು ಬಗ್ಗಿಸಿ ನೆಲವನ್ನೇ ನೋಡುತ್ತಿತ್ತು, ಹಲ್ಲಿ, ಹಾವು, ಕಪ್ಪೆ ಅದರ ಊಟ ಅಲ್ವಾ. ಒಂದು ಕಾಜಾಣ ಬಂದು ತಲೆ ಮೇಲೆ ಎರಗಿತು. ಹಾರಲಿಲ್ಲ. ಕುತ್ತಿಗೆ ಹಿಂದಿನ ಜುಟ್ಟು ಬೀಸಣಿಗೆ ಹಾಗೆ ಅರಳಿತು, ಮತ್ತೆ ಮಡಚಿಕೊಂಡಿತು, ಕಣ್ಣು ಮತ್ತೆ ನೆಲಕ್ಕೆ. ನನಗೆ ಕ್ಯಾಮೆರಾ ಎತ್ತಬೇಕು ಅಂತಲೂ ಅನ್ನಿಸಲಿಲ್ಲ. ಇದನ್ನು ಅಪಾಯದಲ್ಲಿರುವ ಹಕ್ಕಿಗಳ ಪಟ್ಟಿಗೆ ಸೇರಿಸಿದ್ದಾರೆ, ಆ ಕಾಡು ಹೋದರೆ ಅದಕ್ಕೆ ಹಾರಿಹೋಗೋಕೆ ಇನ್ನೊಂದು ನಾಡಿಲ್ಲ. ಅದು ನೆನಪಾಗಿ ಗಂಟಲು ಕಟ್ಟಿತು.

ಹೋಗುವವರು ಒಂದು ಗಮನಿಸಿ. ಜನವರಿಯಲ್ಲಿ ಅಲ್ಲಿ ಸಂಜೆ ಐದೂವರೆಗೆಲ್ಲ ಸೂರ್ಯ ಮುಳುಗುತ್ತಾನೆ, ಮಧ್ಯಾಹ್ನ ಊಟ ಮುಗಿಸಿ ಹೊರಡೋಣ ಅಂದರೆ ಜಾಸ್ತಿ ಹೊತ್ತು ಸಿಗಲ್ಲ. ಬೆಳಿಗ್ಗೆಯೇ ಹೋಗಿ, ಬಿಸಿಲು ಬೆನ್ನಿಗಿರುವ ಹಾಗೆ ಕೂತುಕೊಳ್ಳಿ.