ಸೊನ್ನೆಯೋ, ‘ಓ’ ಅಕ್ಷರವೋ

‘ಸಾರ್, ಅಮಾನ್ಯ ಅಂತ ಬರ್ತಿದೆ. ಯಾರ ಮಾನ ಹೋಯ್ತು?’

ಹಳ್ಳಿಯೊಂದರ ಹಾಲಿನ ಡೈರಿ ಕಾರ್ಯದರ್ಶಿ ಫೋನಿನಲ್ಲಿ ಹೀಗೆ ಕೇಳಿದಾಗ ನನಗೆ ನಗು ಬಂತು. ಹಿಂದೆಯೇ ನಾಚಿಕೆಯೂ ಆಯಿತು. ಡೈರಿಯವರು ಲೆಕ್ಕ ಬರೆಯುವ ಆ್ಯಪ್‌ನಲ್ಲಿ ಆ ಪದ ಹಾಕಿದವನು ನಾನೇ. ‘ಇನ್‌ವ್ಯಾಲಿಡ್ ಐಎಫ್‌ಎಸ್‌ಸಿ’ಯನ್ನು ‘ಅಮಾನ್ಯ ಐಎಫ್‌ಎಸ್‌ಸಿ’ ಮಾಡಿ, ಕನ್ನಡಕ್ಕೆ ತಂದೆ ಅಂತ ಬೀಗಿದ್ದೆ.

ರೈತರ ಬ್ಯಾಂಕ್ ವಿವರ ತುಂಬುವ ಪುಟ ಅದು. ಐಎಫ್‌ಎಸ್‌ಸಿ ಅಂದರೆ ಬ್ಯಾಂಕ್ ಶಾಖೆಯ ಗುರುತಿನ ಕೋಡ್; ಅದರಲ್ಲಿ ಒಟ್ಟು 11 ಅಕ್ಷರ, ಅಂಕಿಗಳು. ಮೊದಲ 4 ಬ್ಯಾಂಕಿನ ಗುರುತು, ಕೊನೆಯ 6 ಶಾಖೆಯದು. ಮಧ್ಯದ ಐದನೆಯದು ಯಾವಾಗಲೂ ಸೊನ್ನೆ. ಪಾಸ್‌ಬುಕ್ಕಿನಲ್ಲಿ ಅದು ಥೇಟ್ ಇಂಗ್ಲಿಷಿನ ‘ಓ’ ಥರ ಕಾಣುತ್ತದೆ. ಅವರು ‘ಓ’ ಒತ್ತಿದ್ದರು. ‘ಐದನೆಯದು ಸೊನ್ನೆ ಯಜಮಾನ್ರೆ, ಓ ಅಲ್ಲ’ ಅಂದೆ. ಅರ್ಧ ನಿಮಿಷದಲ್ಲಿ ಕೆಲಸ ಮುಗಿಯಿತು.

ಫೋನಿನಲ್ಲಿ ಇಷ್ಟು ಸಲೀಸಾಗಿ ಹೇಳಿದ್ದನ್ನು ಪರದೆ ಮೇಲೆ ಯಾಕೆ ಹಾಕಿರಲಿಲ್ಲ? ಅಂದು ಸಂಜೆಯೇ ಹಾಕಿದೆ. ಎರಡು ದಿನ ಬಿಟ್ಟು ಇನ್ನೊಂದು ಹೊಳೆಯಿತು. ಆ ಜಾಗದಲ್ಲಿ ‘ಓ’ ಬರುವುದೇ ಇಲ್ಲ ಅಂದ ಮೇಲೆ ಪ್ರೋಗ್ರಾಮೇ ಅದನ್ನು ಸೊನ್ನೆ ಮಾಡಿಕೊಳ್ಳಬಹುದಲ್ವಾ? ಈಗ ಹಾಗೇ ಮಾಡುತ್ತದೆ. ಸಂದೇಶ ಕಿತ್ತುಹಾಕಿದೆ.

ಅಲ್ಲಿಂದ ಫೋನಿನ ಪಕ್ಕ ಒಂದು ನೋಟ್‌ಬುಕ್ ಇಟ್ಟೆ. ಕರೆ ಬಂದಾಗ ನನ್ನ ಬಾಯಿಂದ ಏನು ಬಂತೋ ಅದನ್ನೇ ಬರೆದುಕೊಳ್ಳುತ್ತಿದ್ದೆ. ದನದ ಹಾಲಿಗೆ ಫ್ಯಾಟ್ 42 ಅಂತ ಹಾಕಿದರೆ ಮೊದಲು ‘ಮೌಲ್ಯ ಮಿತಿ ಮೀರಿದೆ’ ಎನ್ನುತ್ತಿತ್ತು. ಈಗ ‘42 ಅಂತಿದೆ. 4.2 ಇರಬೇಕಾ?’ ಎಂದು ಕೇಳುತ್ತದೆ.

ಕಷ್ಟವಾಗಿದ್ದು ನೆಟ್‌ವರ್ಕಿನದು. ಬೆಳಗ್ಗೆ ಕ್ಯಾನು ಹಿಡಿದು ಜನ ಸಾಲಾಗಿ ನಿಂತಿರುತ್ತಾರೆ. ಆಗಲೇ ಸಿಗ್ನಲ್ ಹೋಗುತ್ತದೆ. ‘ವಿನಂತಿಯ ಸಮಯ ಮೀರಿದೆ’ ಎಂಬುದು ನನ್ನ ಇನ್ನೊಂದು ಘನಕಾರ್ಯ. ಹಾಲು ಹಾಕುವ ಹೊತ್ತು ಮೀರಿತು ಅಂದುಕೊಂಡವರೂ ಇದ್ದರು. ಕಾರ್ಯದರ್ಶಿ ಇನ್ನೊಮ್ಮೆ ಒತ್ತಿದರು. ಒಬ್ಬರ 8 ಲೀಟರ್ 16 ಆಯಿತು. ಅವರಿಗೆ ತಿಳಿಯಬೇಕಿದ್ದುದು ಒಂದೇ: ಲೆಕ್ಕ ಉಳೀತಾ, ಹೋಯ್ತಾ?

‘ನೆಟ್‌ವರ್ಕ್ ಇಲ್ಲ. ಲೆಕ್ಕ ಈ ಫೋನಿನಲ್ಲೇ ಇದೆ. ಮತ್ತೆ ಬರೆಯಬೇಡಿ.’ ಇದನ್ನು ಬರೆಯಲು ಐದು ನಿಮಿಷ ಸಾಕಾಯಿತು. ನಿಜ ಮಾಡಲು ಎರಡು ವಾರ ಹಿಡಿಯಿತು. ಲೆಕ್ಕ ಮೊದಲು ಫೋನಿನಲ್ಲಿ ಉಳಿಯಬೇಕು. ಒಂದೊಂದು ನಮೂದಿಗೂ ಬೇರೆ ನಂಬರ್ ಬೇಕು. ಅದೇ ನಂಬರ್ ಎರಡನೇ ಸಲ ಬಂದರೆ ಸರ್ವರ್ ಬಿಟ್ಟುಬಿಡಬೇಕು. ಇದಿಲ್ಲದೆ ಸುಮ್ನೆ ಚೆಂದದ ಮಾತು ಹಾಕಿದ್ದರೆ ಸುಳ್ಳು ಹೇಳಿದಂತಾಗುತ್ತಿತ್ತು.

ಒಂದು ಕಡೆ ಅತಿಯಾಗಿ ಮಾಡಿ ಕೆಟ್ಟೆ. ಸರ್ವರ್‌ನಲ್ಲಿ ತೊಂದರೆಯಾದಾಗ ಬರುವ ‘ಎರರ್ 500’ ತೆಗೆದು ‘ಏನೋ ತೊಂದರೆಯಾಗಿದೆ’ ಅಂತ ಬರೆದೆ. ಕರೆ ಬಂದಾಗ ಅವರಿಗೂ ಹೇಳಲು ಏನಿಲ್ಲ, ನನಗೂ ಹುಡುಕಲು ಏನಿಲ್ಲ. ಈಗ ‘ತಪ್ಪು ನಮ್ಮ ಕಡೆಯದು, ಈ ನಂಬರ್ ಹೇಳಿ ಫೋನ್ ಮಾಡಿ’ ಎಂದು ಬರೆದು, ಕೆಳಗೆ ನಾಲ್ಕು ಅಂಕಿ ಕೊಟ್ಟಿದ್ದೇನೆ. ಕಾರ್ಯದರ್ಶಿ ಮೊದಲು ಅದನ್ನು ಓದುತ್ತಾರೆ. ಮಳೆ ಸುದ್ದಿ ಆಮೇಲೆ.