ಕೆಲಸ ಮಾಡುತ್ತಲೇ ಸಾಲಿಸಿಟರ್ ಪರೀಕ್ಷೆ: ನನ್ನ ಅನುಭವ

ಇಂಗ್ಲೆಂಡಿನಲ್ಲಿ ಸಾಲಿಸಿಟರ್ (ಕ್ಲೈಂಟ್‌ಗಳಿಗೆ ಸಲಹೆ ಕೊಟ್ಟು, ಅವರ ಕಾನೂನಿನ ಕೆಲಸ ನೋಡಿಕೊಳ್ಳುವ ವಕೀಲರು) ಆಗೋಕೆ ದೊಡ್ಡ ಲಾ ಫರ್ಮ್ ಒಂದು ಕೈ ಹಿಡಿಯಲೇಬೇಕು ಅಂತ ಇನ್ನೂ ತುಂಬಾ ಜನ ಅಂದುಕೊಂಡಿದ್ದಾರೆ. ಮೊದಲು ಹಾಗೇ ಇತ್ತು. ಎಲ್‌ಪಿಸಿ ಅನ್ನೋ ಕೋರ್ಸ್ ಮುಗಿಸಬೇಕು, ಆಮೇಲೆ ಯಾರಾದರೂ ಎರಡು ವರ್ಷದ ಟ್ರೇನಿಂಗ್ ಕಾಂಟ್ರ್ಯಾಕ್ಟ್ ಕೊಡಬೇಕು. ಆ ಕಾಂಟ್ರ್ಯಾಕ್ಟ್ ಸಿಗದೆ ವರ್ಷಗಟ್ಟಲೆ ಪ್ಯಾರಾಲೀಗಲ್ (ವಕೀಲರ ಸಹಾಯಕರು) ಆಗಿಯೇ ಉಳಿದವರು ಎಷ್ಟೋ ಮಂದಿ. 2021ರ ಸೆಪ್ಟೆಂಬರ್‌ನಲ್ಲಿ ಎಸ್‌ಕ್ಯೂಇ ಅನ್ನೋ ಸಾಲಿಸಿಟರ್ ಅರ್ಹತಾ ಪರೀಕ್ಷೆ ಬಂದ ಮೇಲೆ ಲೆಕ್ಕ ಬದಲಾಯಿತು. ಈಗ ಬೇಕಾಗಿರೋದು ಒಂದು ಡಿಗ್ರಿ (ಲಾ ಡಿಗ್ರಿಯೇ ಆಗಬೇಕಿಲ್ಲ), ಎರಡು ಹಂತದ ಪರೀಕ್ಷೆ, ಎರಡು ವರ್ಷದ ಅರ್ಹ ಕೆಲಸದ ಅನುಭವ, ಮತ್ತು ನಡತೆಯ ತಪಾಸಣೆ. ಆ ಅನುಭವವನ್ನು ನಾಲ್ಕು ಕಡೆಯವರೆಗೂ ಒಟ್ಟುಗೂಡಿಸಬಹುದು. ಪ್ಯಾರಾಲೀಗಲ್ ಕೆಲಸ, ಉಚಿತ ಕಾನೂನು ಸಲಹಾ ಕೇಂದ್ರದ ಕೆಲಸ, ಎಲ್ಲಾ ಸೇರುತ್ತೆ.

ನಾನು ಮೈಸೂರಿನಲ್ಲಿ ಎಲ್‌ಎಲ್‌ಬಿ ಮುಗಿಸಿ, ಬಾರ್ ಕೌನ್ಸಿಲ್‌ನಲ್ಲಿ ಎನ್‌ರೋಲ್ ಆಗುವ ಮೊದಲೇ ಮದುವೆಯಾಗಿ ಗಂಡನ ಜೊತೆ ರೆಡಿಂಗ್‌ಗೆ ಬಂದವಳು. ಎನ್‌ರೋಲ್ ಆಗಿದ್ದರೆ ದಾರಿ ಸ್ವಲ್ಪ ಚಿಕ್ಕದು. ಬೇರೆ ದೇಶದಲ್ಲಿ ವಕೀಲರಾಗಿ ಅರ್ಹತೆ ಪಡೆದವರಿಗೆ ಆ ಎರಡು ವರ್ಷದ ಅನುಭವ ಕೇಳೋದಿಲ್ಲ. ಅವರು ಪರೀಕ್ಷೆಯ ಎರಡನೇ ಹಂತವಾದ ಎಸ್‌ಕ್ಯೂಇ 2ರಿಂದ ವಿನಾಯಿತಿಗೂ ಅರ್ಜಿ ಹಾಕಬಹುದು. ಊರಿಂದ ಕೇಳುವ ತಂಗಿಯಂದಿರಿಗೆ ನಾನು ಹೇಳೋದು ಇದೊಂದೇ: ವಿಮಾನ ಹತ್ತುವ ಮೊದಲು ಎನ್‌ರೋಲ್ ಆಗಿ ಬನ್ರಮ್ಮ.

ನನಗೆ ಕೆಲಸ ಸಿಕ್ಕಿದ್ದು ಪೇಟೆ ಬೀದಿಯ ಒಂದು ಸಣ್ಣ ಫರ್ಮ್‌ನಲ್ಲಿ, ಕನ್ವೆಯನ್ಸಿಂಗ್ ವಿಭಾಗದ ಪ್ಯಾರಾಲೀಗಲ್ ಆಗಿ. ಮನೆ ಮಾರೋದು, ಕೊಳ್ಳೋದು, ಅದರ ಕಾಗದಪತ್ರ. ವಾರಕ್ಕೆ ನಾಲ್ಕು ದಿನ ಕೆಲಸ, ಬುಧವಾರ ರಜಾ. ನಾಲ್ಕು ದಿನದ ಲೆಕ್ಕದಲ್ಲಿ ಎರಡು ವರ್ಷದ ಅನುಭವ ತುಂಬೋಕೆ ಎರಡೂವರೆ ವರ್ಷ ಬೇಕು. ಹೇಗಿದ್ದರೂ ಪರೀಕ್ಷೆಗೆ ಅಷ್ಟು ಸಮಯ ಬೇಕೇ ಬೇಕಲ್ವಾ ಅಂತ ಒಪ್ಪಿಕೊಂಡೆ. ಶುಕ್ರವಾರ ರಜಾ ಕೇಳಬೇಡಿ ಅಂತ ಮೊದಲ ದಿನವೇ ಹೇಳಿದ್ದರು. ಯಾಕೆ ಅಂತ ಆ ವಾರವೇ ಗೊತ್ತಾಯಿತು. ಇಲ್ಲಿ ಎಲ್ಲರಿಗೂ ಶುಕ್ರವಾರವೇ ಹೊಸ ಮನೆಯ ಬೀಗದ ಕೈ ಬೇಕು. ಬ್ಯಾಂಕಿನಿಂದ ದುಡ್ಡು ಬಂತಾ, ಆ ಕಡೆಯವರಿಗೆ ಮುಟ್ಟಿತಾ ಅಂತ ಮಧ್ಯಾಹ್ನದವರೆಗೆ ಫೋನ್ ಕೆಳಗೆ ಇಡೋಕಾಗಲ್ಲ. ಅತ್ತ ಸಾಮಾನು ಲಾರಿಯವನು ಬೀದಿಯಲ್ಲಿ ಕಾಯುತ್ತಿರುತ್ತಾನೆ.

ಈ ಕೆಲಸವೇ ನನ್ನ ಅರ್ಧ ಓದು ಆಯಿತು. ಒಂದು ಉದಾಹರಣೆ ಹೇಳುತ್ತೇನೆ. ನಮ್ಮಲ್ಲಿ ಸೈಟ್ ಕೊಳ್ಳುವಾಗ ಮೂಲಪತ್ರದಿಂದ ಹಿಡಿದು ಮೂವತ್ತು ವರ್ಷದ ಕಾಗದ ನೋಡುತ್ತೇವೆ, ಇಸಿ ತೆಗೆಸುತ್ತೇವೆ, ಖಾತೆ ಯಾರ ಹೆಸರಲ್ಲಿದೆ ಅಂತ ವಿಚಾರಿಸುತ್ತೇವೆ. ಇಲ್ಲಿ ನೋಂದಣಿಯಾದ ಮನೆಗೆ ಲ್ಯಾಂಡ್ ರಿಜಿಸ್ಟ್ರಿಯ ನಾಲ್ಕಾರು ಪುಟದ ಪ್ರತಿ ಸಾಕು. ಅದರಲ್ಲಿ ಮಾಲೀಕ ಅಂತ ಯಾರ ಹೆಸರಿದೆಯೋ ಅವರೇ ಮಾಲೀಕರು, ಅದಕ್ಕೆ ಸರ್ಕಾರದ ಗ್ಯಾರಂಟಿ. ಮೊದಲ ಸಲ ಅದನ್ನು ಕೈಯಲ್ಲಿ ಹಿಡಿದಾಗ ಉಳಿದ ಹಾಳೆಗಳೆಲ್ಲಿ ಅಂತ ಹುಡುಕಬೇಕು ಅನ್ನಿಸಿತು. ಆದರೆ ಇಲ್ಲಿ ಬೇರೆ ಥರದ ತಲೆನೋವು ಇದೆ. ಕೊಳ್ಳುವವರ ಪರವಾಗಿ ದುಡ್ಡು ಕೊಡುವ ಮೊದಲು ಓಎಸ್1 ಅನ್ನೋ ಸರ್ಚ್ ಹಾಕುತ್ತೇವೆ. ಹಾಕಿದಂದಿನಿಂದ 30 ಕೆಲಸದ ದಿನ ನಮ್ಮ ಕ್ಲೈಂಟ್‌ಗೆ ರಕ್ಷಣೆ. ಅಷ್ಟರೊಳಗೆ ನೋಂದಣಿ ಅರ್ಜಿ ಲ್ಯಾಂಡ್ ರಿಜಿಸ್ಟ್ರಿಗೆ ಮುಟ್ಟಿದರೆ, ನಡುವೆ ಬಂದು ಸೇರಿದ ಬೇರೆಯವರ ಹಕ್ಕು ನಮ್ಮನ್ನು ಹಿಂದೆ ಹಾಕೋದಿಲ್ಲ. ಮನೆ ಕೈ ಸೇರಿದ 14 ದಿನದಲ್ಲಿ ಸ್ಟ್ಯಾಂಪ್ ಡ್ಯೂಟಿ ರಿಟರ್ನ್ ಹೋಗಬೇಕು, ಅದರ ಸರ್ಟಿಫಿಕೇಟ್ ಇಲ್ಲದೆ ನೋಂದಣಿ ಆಗಲ್ಲ. ಇವೆಲ್ಲ ಪುಸ್ತಕದಲ್ಲಿ ಒಂದೊಂದು ಸಾಲು. ಆದರೆ ಮಾರುವವರು ಎರಡು ವಾರ ಮುಂದೂಡಿದರು, ಸರ್ಚ್ ದಿನಾಂಕ ಹತ್ತಿರ ಬಂತು, ಹೊಸದು ಹಾಕಬೇಕಾ ಅಂತ ಫೈಲ್ ಹಿಡಿದುಕೊಂಡು ಲೆಕ್ಕ ಹಾಕಿದವರಿಗೆ ಆ ಸಾಲು ಮರೆಯೋಕೇ ಸಾಧ್ಯವಿಲ್ಲ. ಸಂಜೆ ಮನೆಗೆ ಹೋಗಿ ಅದೇ ವಿಷಯದ ಹತ್ತಿಪ್ಪತ್ತು ಪ್ರಶ್ನೆ ಮಾಡುತ್ತಿದ್ದೆ. ಓದಿನ ಟೈಮ್‌ಟೇಬಲ್ ಅಂತ ಬೇರೆ ಇರಲಿಲ್ಲ. ಬೆಳಿಗ್ಗೆ ಯಾವ ಫೈಲ್ ಬಂತೋ ರಾತ್ರಿ ಅದೇ ಪಾಠ.

ಅಕೌಂಟ್ಸ್ ಕೂಡ ಹಾಗೇ ಬಂತು. ಸಾಲಿಸಿಟರ್ ಅಕೌಂಟ್ಸ್ ಅಂದರೆ ಲೆಕ್ಕದ ಭಯಕ್ಕೆ ತುಂಬಾ ಜನ ಬಿಟ್ಟುಬಿಡುತ್ತಾರೆ. ಕೂಡೋದು ಕಳೆಯೋದು ಬಿಟ್ಟರೆ ಅಲ್ಲಿ ಲೆಕ್ಕವೇ ಇಲ್ಲ. ಚೀಟಿ ನಡೆಸುವ ಅತ್ತಿಗೆ ಚೀಟಿ ದುಡ್ಡನ್ನು ಮನೆ ಖರ್ಚಿನ ಡಬ್ಬಿಗೆ ಸೇರಿಸುವುದಿಲ್ಲವಲ್ಲ, ಅಷ್ಟೇ ವಿಷಯ. ಕ್ಲೈಂಟ್ ಹಣ ಒಂದು ಖಾತೆ, ಫರ್ಮ್ ಹಣ ಇನ್ನೊಂದು. ಪರೀಕ್ಷೆ ಹಿಡಿಯೋದು ಇಲ್ಲಿ: ಕ್ಲೈಂಟ್ ಖಾತೆಯಲ್ಲಿ ಎಲ್ಲರದೂ ಸೇರಿ ಲಕ್ಷಗಟ್ಟಲೆ ಪೌಂಡ್ ಇದೆ. ಈ ಕ್ಲೈಂಟ್ ಹೆಸರಿನಲ್ಲಿ ಇರೋದು 200 ಮಾತ್ರ. ಇವರಿಗೆ 260 ಪೌಂಡ್‌ನ ಸರ್ಚ್ ಫೀ ಕಟ್ಟಬೇಕು. ಆ ಖಾತೆಯಿಂದ ಪೂರ್ತಿ ಕಟ್ಟಿದರೆ ಬ್ಯಾಂಕ್ ಏನೂ ಅನ್ನೋದಿಲ್ಲ. ಆದರೆ 60 ಪೌಂಡ್ ಬೇರೆ ಯಾರದ್ದೋ ದುಡ್ಡು, ನಿಯಮ ಮುರಿದ ಹಾಗೆ. ಈ ಒಂದು ಗುಟ್ಟು ಅರ್ಥವಾದರೆ ಆ ಭಾಗದ ಮುಕ್ಕಾಲು ಪ್ರಶ್ನೆ ತಾನಾಗೇ ಬಿಡಿಸಿಕೊಳ್ಳುತ್ತೆ.

ಆಫೀಸಿನಲ್ಲಿ ಕಾಣದ ವಿಷಯಗಳೇ ನಿಜವಾದ ಕಷ್ಟ. ಎಸ್‌ಕ್ಯೂಇ 1ರಲ್ಲಿ ಎರಡು ಪೇಪರ್, ಒಂದೊಂದಕ್ಕೆ 180 ಪ್ರಶ್ನೆ. ಒಂದರಲ್ಲಿ ಕಾಂಟ್ರ್ಯಾಕ್ಟ್, ಟಾರ್ಟ್ (ಒಬ್ಬರ ತಪ್ಪಿನಿಂದ ಇನ್ನೊಬ್ಬರಿಗೆ ಆದ ಹಾನಿಗೆ ಪರಿಹಾರದ ಕಾನೂನು), ಕಂಪನಿ ವ್ಯವಹಾರ, ಸಿವಿಲ್ ವ್ಯಾಜ್ಯ, ಸಂವಿಧಾನ. ಇನ್ನೊಂದರಲ್ಲಿ ಆಸ್ತಿ, ವಿಲ್, ಟ್ರಸ್ಟ್, ಕ್ರಿಮಿನಲ್. ಪುಸ್ತಕ ನೋಡುವ ಹಾಗಿಲ್ಲ. ಐದು ಉತ್ತರ ಕೊಟ್ಟಿರುತ್ತಾರೆ, ಅವುಗಳಲ್ಲಿ ಎಲ್ಲಕ್ಕಿಂತ ಸರಿಯಾದದ್ದನ್ನು ಆರಿಸಬೇಕು. ಕ್ರಿಮಿನಲ್ ಕೋರ್ಟಿನ ಮುಖವನ್ನೇ ನಾನು ಇಲ್ಲಿ ನೋಡಿರಲಿಲ್ಲ. ಒಂದು ಬುಧವಾರ ರೆಡಿಂಗ್‌ನ ಮ್ಯಾಜಿಸ್ಟ್ರೇಟ್ ಕೋರ್ಟಿಗೆ ಹೋಗಿ ಹಿಂದಿನ ಸಾಲಿನಲ್ಲಿ ಸುಮ್ನೆ ಕೂತೆ. ಯಾರು ಬೇಕಾದರೂ ಕೂರಬಹುದು, ದುಡ್ಡಿಲ್ಲ. ಜಾಮೀನಿನ ವಾದ ನಾಲ್ಕು ಕೇಳಿದ ಮೇಲೆ ಆ ಅಧ್ಯಾಯ ಓದೋಕೆ ಹೊತ್ತು ಹಿಡಿಯಲಿಲ್ಲ.

ಊರಿನ ಲಾ ಓದು ಉಪಯೋಗಕ್ಕೆ ಬಂತಾ ಅಂತ ಕೇಳುತ್ತಾರೆ. ಬಂತು, ಆದರೆ ಅರ್ಧ ದೂರ ಒಟ್ಟಿಗೆ ನಡೆದು ಆಮೇಲೆ ಕೈ ಕೊಡುತ್ತೆ. ಕಾಂಟ್ರ್ಯಾಕ್ಟ್ ತಗೊಳ್ಳಿ. ನಮ್ಮ 1872ರ ಕಾಯ್ದೆಯ ಪ್ರಕಾರ ಪ್ರತಿಫಲವನ್ನು (ಕೊಟ್ಟ ಮಾತಿನ ಬದಲಿಗೆ ಸಲ್ಲುವ ಹಣವೋ ಕೆಲಸವೋ) ಒಪ್ಪಂದದ ಮಾತು ಪಡೆದವರೇ ಕೊಡಬೇಕು ಅಂತಿಲ್ಲ, ಬೇರೆಯವರು ಕೊಟ್ಟರೂ ನಡೆಯುತ್ತೆ. ಇದನ್ನೇ ಹೇಳುವ ಚಿನ್ನಯ್ಯ ವಿರುದ್ಧ ರಾಮಯ್ಯ ಕೇಸನ್ನು ನಮ್ಮಲ್ಲಿ ಲಾ ಓದಿದವರಲ್ಲಿ ಓದದವರಾರು? ಇಂಗ್ಲಿಷ್ ಕಾನೂನಿನಲ್ಲಿ ಅದು ನಡೆಯಲ್ಲ. ಮಾತು ಪಡೆದವರಿಂದಲೇ ಪ್ರತಿಫಲ ಬರಬೇಕು. ವಿಲ್‌ನಲ್ಲಂತೂ ಇನ್ನೂ ಮಜಾ. ಒಬ್ಬಾಕೆ ಎಲ್ಲಾ ಆಸ್ತಿಯನ್ನು ತಂಗಿಗೆ ಅಂತ ವಿಲ್ ಬರೆದಳು. ಐದು ವರ್ಷ ಆದ ಮೇಲೆ ಮದುವೆಯಾದಳು. ಮಕ್ಕಳಿಲ್ಲ. ತೀರಿಕೊಂಡಳು. ಆಸ್ತಿ ಯಾರಿಗೆ? ನಮ್ಮ ಹಿಂದೂ ಕುಟುಂಬವಾದರೆ ಮದುವೆಯಿಂದ ವಿಲ್ ರದ್ದಾಗಲ್ಲ, ತಂಗಿಗೇ ಹೋಗುತ್ತೆ. ಇಲ್ಲಿ 1837ರ ವಿಲ್ಸ್ ಕಾಯ್ದೆ ಪ್ರಕಾರ ಮದುವೆಯಾದ ಕ್ಷಣವೇ ಹಳೆಯ ವಿಲ್ ರದ್ದು, ಆ ಮದುವೆಯನ್ನು ಮನಸ್ಸಿನಲ್ಲಿಟ್ಟುಕೊಂಡೇ ಬರೆದಿದ್ದರೆ ಮಾತ್ರ ಉಳಿಯುತ್ತೆ. ಇಲ್ಲವಾದರೆ ಎಲ್ಲಾ ಗಂಡನಿಗೆ. ಪ್ರಶ್ನೆಯ ಐದು ಉತ್ತರದಲ್ಲಿ ತಂಗಿಯೂ ಇರುತ್ತಾಳೆ, ನೋಡೋಕೆ ತುಂಬಾ ನ್ಯಾಯವಾಗಿಯೂ ಕಾಣುತ್ತಾಳೆ. ಹೀಗೆ ಎರಡು ಕಾನೂನು ಬೇರೆಯಾಗುವ ಜಾಗಗಳನ್ನೆಲ್ಲ ಒಂದು ನೋಟ್‌ಬುಕ್‌ನಲ್ಲಿ ಎದುರುಬದುರು ಬರೆದಿಟ್ಟುಕೊಂಡೆ. ಕೊನೆಯ ವಾರ ನಾನು ತಿರುವಿ ಹಾಕಿದ್ದು ಅದೊಂದನ್ನೇ.

ಎಸ್‌ಕ್ಯೂಇ 1 ಪರೀಕ್ಷೆ ಜನವರಿಯಲ್ಲಿ ಒಮ್ಮೆ, ಜುಲೈನಲ್ಲಿ ಒಮ್ಮೆ ಇರುತ್ತೆ. ಕನ್ವೆಯನ್ಸಿಂಗ್ ಮಾಡುವವರು ಜನವರಿ ತಗೊಳ್ಳಬೇಡಿ. ಕ್ರಿಸ್‌ಮಸ್‌ಗೆ ಮೊದಲು ಹೊಸ ಮನೆ ಸೇರಬೇಕು ಅಂತ ಡಿಸೆಂಬರ್ ಪೂರ್ತಿ ಎಲ್ಲರೂ ಪ್ರಾಣ ತಿನ್ನುತ್ತಾರೆ. ನಾನು ಜುಲೈ ಆರಿಸಿದೆ. ಪರೀಕ್ಷೆ ನಡೆಯುವ ಪಿಯರ್ಸನ್ ವ್ಯೂ ಸೆಂಟರ್‌ನಲ್ಲಿ ವಾಚು, ಫೋನು ಎಲ್ಲಾ ಲಾಕರ್‌ಗೆ. ಅರ್ಧ ದಿನದ ಒಂದು ಭಾಗದಲ್ಲಿ 90 ಪ್ರಶ್ನೆ, 2 ಗಂಟೆ 33 ನಿಮಿಷ. ಒಂದು ಪ್ರಶ್ನೆಗೆ ಒಂದೂಮುಕ್ಕಾಲು ನಿಮಿಷವೂ ಇಲ್ಲ. ಆದ್ದರಿಂದ ಓದೋದಕ್ಕಿಂತ ಟೈಮರ್ ಇಟ್ಟು ಪ್ರಶ್ನೆ ಮಾಡೋದೇ ಜಾಸ್ತಿ ಆಗಬೇಕು. ಕೊನೆಯ ಎರಡು ತಿಂಗಳು ನಾನು ಪುಸ್ತಕ ತೆರೆದದ್ದು ತಪ್ಪಾದ ಉತ್ತರ ಹುಡುಕೋಕೆ ಮಾತ್ರ. 2021ರ ನವೆಂಬರ್‌ನಲ್ಲಿ ನಡೆದ ಮೊದಲ ಪರೀಕ್ಷೆಯಲ್ಲಿ ಪಾಸಾದವರು 53%. ಈ ಸಂಖ್ಯೆ ನೋಡಿ ಹೆದರಿದವರೂ ಇದ್ದಾರೆ. ನನಗೆ ಅದು ಸೋಮಾರಿತನಕ್ಕೆ ಒಳ್ಳೆ ಔಷಧಿ ಆಯಿತು.

ಎಸ್‌ಕ್ಯೂಇ 2 ಬೇರೆಯೇ ಪ್ರಾಣಿ. ಒಟ್ಟು 16 ಕೆಲಸ ಕೊಡುತ್ತಾರೆ, 12 ಬರವಣಿಗೆ, 4 ಮಾತು. ಮಾತಿನಲ್ಲಿ ಎರಡು ಕೋರ್ಟ್ ವಾದ, ಎರಡು ಕ್ಲೈಂಟ್ ಜೊತೆ ಸಂದರ್ಶನ. ಸಂದರ್ಶನದಲ್ಲಿ ಕಾಗದ ನೋಡೋಕೆ 10 ನಿಮಿಷ, ಕ್ಲೈಂಟ್ ವೇಷದ ನಟರ ಜೊತೆ 25 ನಿಮಿಷ ಮಾತು, ಆಮೇಲೆ ಇನ್ನೊಂದು 25 ನಿಮಿಷದಲ್ಲಿ ಅದರ ಟಿಪ್ಪಣಿ, ಅದೂ ಕೈಬರಹದಲ್ಲಿ. ಸಂದರ್ಶನದ ಮಾತಿಗೆ ಅಂಕ ಕೊಡುವವರೂ ಆ ನಟರೇ. ಅವರು ಕಾನೂನು ನೋಡುವುದಿಲ್ಲ. ತನ್ನ ಮಾತು ಕೇಳಿಸಿಕೊಂಡರಾ, ಅರ್ಥವಾಗುವ ಹಾಗೆ ಹೇಳಿದರಾ, ಇವರ ಹತ್ತಿರ ಮತ್ತೆ ಬರಬೇಕು ಅನ್ನಿಸಿತಾ ಅಂತ ನೋಡುತ್ತಾರೆ.

ಇದಕ್ಕೆ ನನಗೆ ಸಿಕ್ಕ ಒಳ್ಳೆಯ ಗುರು ತುಮಕೂರಿನಲ್ಲಿರುವ ನಮ್ಮತ್ತೆ. ಭಾನುವಾರ ವಿಡಿಯೋ ಕಾಲ್‌ನಲ್ಲಿ ಅವರು ಗಂಡನನ್ನು ಕಳೆದುಕೊಂಡ ಕ್ಲೈಂಟ್, ನಾನು ಸಾಲಿಸಿಟರ್. ಮಾತೆಲ್ಲ ಕನ್ನಡದಲ್ಲೇ.

"ಹೇಳಿ ಅತ್ತೆ, ನಿಮ್ಮ ಯಜಮಾನರು ವಿಲ್ ಬರೆದಿದ್ರಾ?"

"ವಿಲ್ ಇರಲಿ ಬಿಡಮ್ಮ, ಆ ಮೈದುನ ಮೂರು ದಿನದಿಂದ ಮನೆಗೆ ಬಂದು ಕೂತಿದಾನೆ. ಅವನ ಹೆಂಡ್ತಿ ನನ್ನ ಬೀರು ಕೀ ಇಸ್ಕೊಂಡು ಹೋಗಿದಾಳೆ. ಊಟಕ್ಕೆ ಏನು ಮಾಡಿದೀಯ ಇವತ್ತು?"

ಗಂಡ ಪಕ್ಕದಲ್ಲಿ ಕೂತು ನಗುತ್ತಿದ್ದರು. ಆದರೆ ನಿಜವಾದ ಕ್ಲೈಂಟ್ ಹೀಗೇ ಅಲ್ವಾ ಮಾತಾಡೋದು? ಬೀರು ಕೀ ಮಾತು ಅಡ್ಡ ಬಂತು ಅಂತ ಕತ್ತರಿಸಿದರೆ, ಆ ಬೀರುವಿನಲ್ಲಿ ಎರಡನೇ ವಿಲ್ ಇದೆ ಅನ್ನೋದು ಹೊರಗೆ ಬರೋದೇ ಇಲ್ಲ. ಅತ್ತೆಗೆ ಆ ಗುಟ್ಟನ್ನು ಗಂಡ ಮೊದಲೇ ಹೇಳಿಕೊಟ್ಟಿದ್ದರು, ಕೇಳದೆ ಹೇಳಬೇಡಿ ಅಂತ. ಪ್ರಶ್ನೆ ಕೇಳಿ ಸುಮ್ಮನಾಗೋದನ್ನು ನಾನು ಕಲಿತದ್ದು ಅಲ್ಲಿ. ಕಾಲ್ ಮುಗಿದ ತಕ್ಷಣ ಗಡಿಯಾರ ನೋಡಿಕೊಂಡು ಇಂಗ್ಲಿಷಿನಲ್ಲಿ ಟಿಪ್ಪಣಿ ಬರೆಯುತ್ತಿದ್ದೆ. ವರ್ಷಗಳಿಂದ ಕೀಬೋರ್ಡ್ ಬಿಟ್ಟು ಬೇರೇನೂ ಮುಟ್ಟದ ಕೈ, ಹತ್ತು ನಿಮಿಷಕ್ಕೇ ನೋವು ಬರುತ್ತಿತ್ತು. ಇದನ್ನು ಯಾರೂ ಹೇಳಿಕೊಡಲ್ಲ, ಪೆನ್ನು ಹಿಡಿದು ಅಭ್ಯಾಸ ಮಾಡಿ.

ದುಡ್ಡಿನ ಮಾತು. ಶುರುವಾದಾಗ ಎರಡೂ ಪರೀಕ್ಷೆಗೆ ಸೇರಿ 3,980 ಪೌಂಡ್ ಇತ್ತು, ಆಮೇಲೆ ಏರುತ್ತಲೇ ಇದೆ. ಕೋಚಿಂಗ್ ಖರ್ಚು ಬೇರೆ. ಕೋಚಿಂಗ್ ಕಡ್ಡಾಯವಲ್ಲ. ನಾನು ಮೊದಲ ಹಂತಕ್ಕೆ ಪ್ರಶ್ನೆಗಳ ಬ್ಯಾಂಕ್ ಮಾತ್ರ ಕೊಂಡೆ, ಎರಡನೆಯದಕ್ಕೆ ಪಾರ್ಟ್ ಟೈಮ್ ಕೋರ್ಸ್ ಸೇರಿದೆ, ಯಾಕಂದರೆ ಬರೆದದ್ದನ್ನು ತಿದ್ದಿಕೊಡೋರು ಬೇಕಿತ್ತು. ದುಡ್ಡು ಕಡಿಮೆ ಇದ್ದರೆ ಹೀಗೇ ಮಾಡಿ ಅನ್ನುತ್ತೇನೆ. ಮೊದಲನೆಯದು ಪಾಸಾಗದೆ ಎರಡನೆಯದಕ್ಕೆ ಕೂರೋಕೆ ಆಗಲ್ಲ, ಆದ್ದರಿಂದ ಎರಡೂ ಸೇರಿಸಿ ಮಾರುವ ದೊಡ್ಡ ಪ್ಯಾಕೇಜಿಗೆ ಅವಸರ ಬೇಡ. ಆರು ವರ್ಷದೊಳಗೆ ಒಂದೊಂದು ಹಂತಕ್ಕೂ ಮೂರು ಅವಕಾಶ ಇದೆ.

ಕೊನೆಗೆ ಅನುಭವದ ಸಹಿ. ಅದನ್ನು ಇಂಗ್ಲೆಂಡ್ ಮತ್ತು ವೇಲ್ಸ್‌ನ ಸಾಲಿಸಿಟರ್ ಒಬ್ಬರು, ಇಲ್ಲವೇ ಫರ್ಮ್‌ನಲ್ಲಿ ನಿಯಮ ಪಾಲನೆಯ ಹೊಣೆ ಹೊತ್ತವರು ದೃಢೀಕರಿಸಬೇಕು. ನೀವು ಸಮರ್ಥರು ಅಂತ ಅವರು ಬರೆದುಕೊಡಬೇಕಾಗಿಲ್ಲ. ಎಷ್ಟು ಸಮಯ ಕೆಲಸ ಮಾಡಿದಿರಿ, ಸಾಲಿಸಿಟರ್‌ಗೆ ಬೇಕಾದ ಕೌಶಲ ಕಲಿಯುವ ಅವಕಾಶ ಸಿಕ್ಕಿತಾ, ನಡತೆಯ ಬಗ್ಗೆ ತಕರಾರು ಇದೆಯಾ, ಇಷ್ಟೇ. ಇದು ಗೊತ್ತಿಲ್ಲದೆ ಹಿಂದೇಟು ಹಾಕುವ ಬಾಸ್‌ಗಳು ಇದ್ದಾರೆ, ಮೆತ್ತಗೆ ತಿಳಿಸಿ ಹೇಳಿ. ನಾನು ಪ್ರತಿ ಶುಕ್ರವಾರ ಸಂಜೆ, ಫೋನ್‌ಗಳ ಗಲಾಟೆ ಮುಗಿದ ಮೇಲೆ, ಆ ವಾರ ಏನು ಮಾಡಿದೆ ಅಂತ ನಾಲ್ಕು ಸಾಲು ಬರೆದಿಡುತ್ತಿದ್ದೆ. ಕ್ಲೈಂಟ್ ಹೆಸರು ಬರೆಯುತ್ತಿರಲಿಲ್ಲ, ಅದು ಗುಟ್ಟಿನ ವಿಷಯ. ಸಹಿ ಮಾಡಬೇಕಾದ ಮೇಡಂ ಅದನ್ನು ಒಂದು ಮಧ್ಯಾಹ್ನ ಕೂತು ಓದಿದರು. ಒಂದು ಬಾಡಿಗೆ ಒಪ್ಪಂದದ ಕರಡು ನೀವೇ ಬರೆದದ್ದಾ ಅಂತ ಕೇಳಿದರು, ಹೌದು ಅಂದೆ. ಆವತ್ತೇ ಆನ್‌ಲೈನ್‌ನಲ್ಲಿ ದೃಢೀಕರಿಸಿದರು. ಕೆಲಸ ಬದಲಾಯಿಸುವವರು ಮಾತ್ರ ಇದನ್ನು ಹೊರಡುವ ಮೊದಲೇ ಮುಗಿಸಿಕೊಳ್ಳಿ. ಆಮೇಲೆ ಆ ಸಾಲಿಸಿಟರ್ ಬೇರೆ ಊರಿಗೆ ಹೋದರೆ ಹುಡುಕಿಕೊಂಡು ಅಲೆಯೋದು ನೀವೇ.